ಎಣ್ಣೆ ಬಾಣಲೆಯ ಮೇಲಿನ ಹೆಸರು

ಇದು ತಾನು ಕೇಳಿದ್ದಲ್ಲ ಎಂದು ಈಗಲೇ ಹೇಳಬೇಕೆ, ಇಲ್ಲ ಸುಮ್ಮನೆ ಹೊತ್ತುಕೊಂಡು ಹೋಗಿ ಕಡವಿನಲ್ಲಿ ಹೊಳೆಗೆ ಬಿಡಬೇಕೆ? ಬಿಟ್ಟರೆ ಮುಳುಗುತ್ತದೆಯೆ? ಇಷ್ಟು ಅಗಲದ ಬಾಣಲೆ ಮುಳುಗಲಾರದು. ತೇಲಿಕೊಂಡು ಹೋಗಿ ಯಾವನೋ ಅಂಬಿಗನ ಕೈಗೆ ಸಿಕ್ಕಿ, ಯಾರು ಮಾಡಿದ್ದೆಂದು ವಿಚಾರಣೆಯಾಗಿ, ಕಡೆಗೆ ಇದೇ ಅಂಗಡಿಗೆ ವಾಪಸು ಬರುತ್ತದೆ. ಆಗ ಅವಳು ಏನೆಂದುಕೊಂಡಾಳು?

ವೈಕುಂಠ ಬ್ರಹ್ಮಾವರದ ರಾಜೀವಾಚಾರಿಯ ಪಾತ್ರೆ ಅಂಗಡಿಯ ಜಗಲಿಯಲ್ಲಿ ನಿಂತು ಹೀಗೆ ಯೋಚಿಸುತ್ತಿದ್ದ. ಅವನ ಕಂಕುಳಲ್ಲಿ ಗೋಣಿಯಲ್ಲಿ ಸುತ್ತಿದ ಒಂದು ವಸ್ತುವಿತ್ತು. ಅವನ ಎದುರಿಗೆ ಎರಡು ಕಿವಿಗಳ, ಹೊಳೆಯುವ, ದೊಡ್ಡ ತಾಮ್ರದ ಬಾಣಲೆಯಿತ್ತು. ಬಾಣಲೆಯ ಆಚೆ ಆಚಾರಿಯ ಮಗಳು ನಿಂತಿದ್ದಳು. ಹೆಸರು ಬಾಗಿ.

"ಎಂತ, ಮಾತೇ ಇಲ್ಲೆ? ಲಾಯ್ಕ್ ಆಯ್ಲಿಲ್ಯಾ?"

"ಆಯ್ತ್," ಎಂದ ವೈಕುಂಠ. ಸುಳ್ಳಲ್ಲ. ಅಷ್ಟು ಚಂದದ ಬಾಣಲೆಯನ್ನು ಅವನು ಹಿಂದೆ ನೋಡಿರಲಿಲ್ಲ.

ಆದದ್ದು ಇಷ್ಟು. ವೈಕುಂಠ ಕುಂದಾಪುರದ ವಕೀಲ ಶಾಮರಾಯರ ಕಾರಿನ ಡ್ರೈವರು, ಮೆಕ್ಯಾನಿಕ್ಕು ಎರಡೂ. ವಕೀಲರಿಗೆ ವೇಗದ ಹುಚ್ಚು. ಬೈಂದೂರು ದಾಟಿ ಒತ್ತಿನೆಣೆಯ ಏರಿನಲ್ಲಿ ಎಲ್ಲ ಕಾರುಗಳೂ ನಿಂತು ಉಸಿರು ತೆಗೆದುಕೊಳ್ಳುವಾಗ ತಮ್ಮದು ಮಾತ್ರ ನಿಲ್ಲದೆ ಹತ್ತಬೇಕೆಂಬುದು ಅವರ ಆಸೆ. ಕಾರಿಗೆ ಆ ಆಸೆ ಇರಲಿಲ್ಲ. ಏರಿನಲ್ಲಿ ಮೂತಿ ಮೇಲಾದ ಕೂಡಲೇ ಎಂಜಿನ್ನಿನ ಅಡಿಯ ಆಯಿಲ್ ಪ್ಯಾನಿನಲ್ಲಿದ್ದ ಎಣ್ಣೆಯೆಲ್ಲ ಹಿಂದಕ್ಕೆ ಜಾರಿ, ಎಂಜಿನ್ನು ಒಣಗಿ ಕೆಮ್ಮುತ್ತಿತ್ತು. ಒಂದು ದಿನ ಅದೇ ಪ್ಯಾನು ದಾರಿಯ ಮುರಕಲ್ಲಿಗೆ ತಾಗಿ ಸೀಳಿಯೂ ಹೋಯಿತು. ಯುದ್ಧ ಮುಗಿದರೂ ಪೆಟ್ರೋಲಿಗೆ ಕೂಪನ್ ಹಿಡಿದು ನಿಲ್ಲಬೇಕಾದ ಕಾಲ. ಬಿಡಿ ಸಾಮಾನಿಗೆ ಮದ್ರಾಸಿಗೆ ಬರೆದರೆ ಉತ್ತರವೇ ಬರುತ್ತಿರಲಿಲ್ಲ. ಆಗ ವೈಕುಂಠನಿಗೆ ಹೊಳೆಯಿತು: ಹೊಸತೇ ಮಾಡಿಸಿದರೆ? ಹಳೆಯದಕ್ಕಿಂತ ಆಳ, ಹಳೆಯದಕ್ಕಿಂತ ಅಗಲ, ಒಳಗೆ ಎಣ್ಣೆ ಜಾರದಂತೆ ಅಡ್ಡ ಗೋಡೆ.

ಮಾಡಿಸುವುದು ಎಲ್ಲಿ ಎಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ. ಕಾರಿನ ರೇಡಿಯೇಟರಿಗೆ ಬೆಸುಗೆ ಹಾಕಿಸಲು ಅವನು ರಾಜೀವಾಚಾರಿಯ ಅಂಗಡಿಗೇ ಬರುತ್ತಿದ್ದ. ರೇಡಿಯೇಟರು ಸೋರದಿದ್ದ ದಿನಗಳಲ್ಲಿಯೂ ಬಂದದ್ದುಂಟು.

ಸುದ್ದಿ ಮುಟ್ಟಿಸಲು ಅವನು ಬಸ್ಸಿನ ಕಂಡಕ್ಟರ್ ಕಿಟ್ಟನಿಗೆ ಹೇಳಿದ: ಒಂದು ಆಯಿಲ್ ಪ್ಯಾನ್ ಆಗಬೇಕು, ದೊಡ್ಡದು, ಆಳದ್ದು, ಅಳತೆ ನಾನೇ ತರುತ್ತೇನೆ. ಕಿಟ್ಟನಿಗೆ ತನ್ನ ಇಂಗ್ಲಿಷಿನ ಬಗ್ಗೆ ಅಭಿಮಾನ. ಅವನು ದಾರಿಯುದ್ದಕ್ಕೂ ಅನುವಾದ ಮಾಡಿಕೊಂಡು ಹೋಗಿ, ಅಳತೆಯ ಮಾತನ್ನು ಮರೆತು, ಅಂಗಡಿಯ ಮುಂದೆ ಬಸ್ಸಿನಿಂದಲೇ ಕೂಗಿದ್ದ:

"ಹ್ವಾಯ್ ಆಚಾರ್ರೆ! ವೈಕುಂಠಂಗೆ ಒಂದ್ ಎಣ್ಣಿ ಬಾಣ್ಲಿ ಬೇಕಂಬ್ರ್! ದೊಡ್ದ್!"

ಮದುವೆಯಾಗದ ಗಂಡಸು, ಮನೆಯಲ್ಲಿ ಅಡುಗೆಗೆ ಹೆಣ್ಣು ದಿಕ್ಕಿಲ್ಲದವನು, ದೊಡ್ಡ ಎಣ್ಣೆ ಬಾಣಲೆ ಮಾಡಿಸುತ್ತಾನೆಂದರೆ ಅರ್ಥ ಒಂದೇ: ಮದುವೆ ಗೊತ್ತಾಗಿದೆ. ಅದೂ ವೈಕುಂಠ ಮರದ ಆಚಾರಿಗಳ ಮನೆಯವನು, ಬಂಧುಬಳಗ ದೊಡ್ಡದು. ಊಟಕ್ಕೆ ಜನ ಬಹಳ.

ಬಾಗಿ ಬಟ್ಟೆ ತೆಗೆದುಕೊಂಡು ಬಾಣಲೆಯನ್ನು ಮತ್ತೆ ಒರೆಸಿದಳು. ಒರೆಸುವ ಅಗತ್ಯವಿರಲಿಲ್ಲ.

"ಒಂದ್ ಮಾತ್ ಮುಂಚೆ ಹೇಳೂಕಾಗ್ತಿರ್ಲಿಲ್ಯಾ? ಕಿಟ್ಟನ ಬಾಯಂಗೆ ಕೇಣ್ಕಾ ನಾವ್?" ಎಂದಳು. ಬಟ್ಟೆಯನ್ನು ನೋಡುತ್ತಲೇ ಕೇಳಿದಳು: "ಅದ್ ಎಲ್ಲಿಯದ್?"

ಕುಂದಾಪುರದ ಮಾತಿನಲ್ಲಿ ಹೆಣ್ಣಿಗೂ ಅದು, ಕಾರಿಗೂ ಅದು, ಬಾಣಲೆಗೂ ಅದು. ಸಾಮಾನ್ಯವಾಗಿ ಇದರಿಂದ ಯಾರಿಗೂ ತೊಂದರೆಯಾಗುವುದಿಲ್ಲ.

ವೈಕುಂಠನಿಗೆ ಸಮಾಧಾನವಾಯಿತು. ಅಂತೂ ಮಾತು ಕಾರಿನ ಕಡೆಗೆ ತಿರುಗಿತು. ಇನ್ನು ಮೆಲ್ಲಗೆ ಪ್ಯಾನಿನ ವಿಷಯ ತೆಗೆಯಬಹುದು.

"ಮಂಗ್ಳೂರಿಂದ್."

"ಪ್ಯಾಟಿದ್ದಾ!" ಬಾಗಿಯ ಕೈ ನಿಂತಿತು. "ಕಾಂಬುಕೆ ಹ್ಯಾಂಗಿತ್ತ್?"

"ಕಪ್ಪ್. ತಿಕ್ಕಿ ಒರ್ಸಿರೆ ಹೊಳಿತ್ತ್."

"ಓ. ಪ್ರಾಯ?"

"ಆಯ್ತ್. ಮುದಿ ಅಂಬ್ರ್ ಎಲ್ಲ. ಏರ್ ಹತ್ತುವತಿಗೆ ಏದುಸ್ರ್ ಬತ್ತ್."

ಒಳಗೆ ಕುಲುಮೆಯ ಹತ್ತಿರ ಕೂತಿದ್ದ ರಾಜೀವಾಚಾರಿ ತಲೆಯೆತ್ತಿದ.

ಬಾಗಿ ಕಣ್ಣು ಕಿರಿದು ಮಾಡಿ ವೈಕುಂಠನನ್ನು ನೋಡಿದಳು. ಅವಳು ಮನುಷ್ಯರನ್ನು ನೋಡುವುದೂ ಬೆಸುಗೆಯನ್ನು ನೋಡಿದ ಹಾಗೆಯೇ, ಎಲ್ಲಿ ಬಿಟ್ಟಿದೆ ಎಂದು. ಅವಳ ಎಡ ಹುಬ್ಬಿನ ಮೇಲೆ ತಾಮ್ರದ ಪುಡಿ ಕೂತಿತ್ತು. ಅದನ್ನು ಹೇಳಬೇಕೆಂದು ವೈಕುಂಠನಿಗೆ ಅನಿಸಿತು. ಹೇಳಿದರೆ ಒರೆಸಿಕೊಳ್ಳುತ್ತಾಳೆ ಎಂದು ಹೇಳಲಿಲ್ಲ.

"ಇಷ್ಟ್ ದಿನ ಯಾರ್ ಹತ್ರ ಇದ್ದಿತ್?"

"ಶುರುವಿಗೆ ಒಬ್ಬ ದೊರಿ ಹತ್ರ. ಅವ ಸೀಮಿಗೆ ಹೋಪತಿಗೆ ಬಿಟ್ಟಿಕ್ಕಿ ಹೋದ. ಮತ್ತೆ ಒಬ್ಬ ಗುತ್ತಿಗೆದಾರ. ಈಗಳ್ ವಕೀಲ್ರ ಹತ್ರ."

"ದೇವ್ರೇ! ಅದೇ ಆಯ್ಕಾ ನಿಮ್ಗೆ?"

"ಎಂತ ಮಾಡೂದ್? ನಂಗೆ ಅದ್ರ್ ಮೇಲೆ ಜೀವ."

ಬಾಗಿಯ ಮುಖ ಬಿಸಿ ತಾಮ್ರಕ್ಕೆ ನೀರು ಹೊಯ್ದಂತೆ ಒಮ್ಮೆಲೇ ತಣ್ಣಗಾಯಿತು. ವೈಕುಂಠನಿಗೆ ಕಾರಣ ತಿಳಿಯಲಿಲ್ಲ.

"ವಕೀಲ್ರ್ ಒಪ್ಪಿರಾ?"

"ಅವ್ರದ್ದೇ ಅಲ್ದಾ. ನಾ ಓಡ್ಸ್ಕಂಡ್ ಹೋಪುದ್ ಮಾತ್ರ."

ಒಳಗಿನಿಂದ ಇಕ್ಕಳ ಬಿದ್ದ ಸದ್ದು ಬಂತು. ರಾಜೀವಾಚಾರಿ ಹೊರಗೇ ಬಂದ.

"ಓಡ್ಸ್ಕಂಡ್ ಹೋಪುದಾ! ಏ ವೈಕುಂಠಾ! ವಕೀಲ್ರ್ ಮನಿ ಹೆಂಗ್ಸನ್ನಾ?"

"ಹೆಂಗ್ಸಾ?" ವೈಕುಂಠ ಗಾಬರಿಯಾಗಿ ಸುತ್ತ ನೋಡಿದ. ಆಮೇಲೆ ಅವನಿಗೆ ಗೊತ್ತಿದ್ದ ಒಂದೇ ಉತ್ತರವನ್ನು ಕೊಟ್ಟ. ಗೋಣಿ ಬಿಚ್ಚಿ ಸೀಳಿದ, ಕರಿ ಮೆತ್ತಿದ ತಗಡಿನ ತೊಟ್ಟಿಯಂಥದನ್ನು ಬಾಣಲೆಯ ಪಕ್ಕದಲ್ಲಿಟ್ಟ. "ಇದ್ ಅದ್ರ್ ಹೊಟ್ಟಿ ಅಡಿದ್. ಮುರ್ಕಲ್ ತಾಗಿ ಒಡ್ದ್ ಹೋಯ್ತ್. ಇದೇ ನಮೂನಿ ಒಂದ್ ಆಯ್ಕ್. ಕಾರಿಗ್."

ಬಾಗಿ ತೊಟ್ಟಿಯನ್ನು ನೋಡಿದಳು, ಬಾಣಲೆಯನ್ನು ನೋಡಿದಳು. ಆಮೇಲೆ ನಗಲು ಶುರು ಮಾಡಿದಳು. ಗೋಡೆ ಹಿಡಿದು ನಕ್ಕಳು, ಕೂತು ನಕ್ಕಳು, ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ಆದರೆ ನಗುವ ಮೊದಲು ಅವಳು ಒಂದು ದೊಡ್ಡ ಉಸಿರು ಬಿಟ್ಟಿದ್ದಳು. ನಗು ಅಂಗಡಿಗೆಲ್ಲ ಕೇಳಿಸಿತು. ಉಸಿರು ಕೇಳಿಸಿದ್ದು ವೈಕುಂಠನಿಗೆ ಮಾತ್ರ.

"ಮತ್ತೆ ಈ ಬಾಣ್ಲಿ ಎಂತ ಮಾಡೂದ್?" ಎಂದ ರಾಜೀವಾಚಾರಿ.

"ಇರ್ಲಿ ಅಪ್ಪಯ್ಯ. ಯಾರಿಗಾರೂ ಬೇಕಾತ್ತ್," ಎಂದಳು ಬಾಗಿ, ಕಣ್ಣೊರೆಸಿಕೊಳ್ಳುತ್ತ. ಬಾಣಲೆಯನ್ನು ಗೋಡೆಯ ಗೂಟಕ್ಕೆ ತೂಗು ಹಾಕಿದಳು. ಅಂಚಿನಲ್ಲಿ ಹೆಸರು ಕೊರೆಯಲು ಬಿಟ್ಟ ಜಾಗ ಖಾಲಿಯಾಗಿಯೇ ಇತ್ತು.

*

ಹೊಸ ಪ್ಯಾನಿನ ಕೆಲಸಕ್ಕೆ ವೈಕುಂಠ ಬಿಡುವಾದಾಗಲೆಲ್ಲ ಬಂದ. ಬಿಡುವಿಲ್ಲದಾಗ ಬಿಡುವು ಮಾಡಿಕೊಂಡ.

ಅವನು ಬಾಗಿಯನ್ನು ಯಾವ ಹೆಸರಿನಿಂದಲೂ ಕರೆಯುತ್ತಿರಲಿಲ್ಲ. ನೀನು ಎನ್ನಲು ಸಲಿಗೆ ಸಾಲದು, ನೀವು ಎನ್ನಲು ಮನಸ್ಸು ಬಾರದು. ಹಾಗಾಗಿ ಏನು ಹೇಳುವುದಿದ್ದರೂ ತಾಮ್ರದ ತಗಡಿಗೆ ಹೇಳುತ್ತಿದ್ದ.

"ಇಲ್ಲಿ ಸ್ವಲ್ಪ ಆಳ ಬೇಕ್," ಎಂದು ತಗಡಿಗೆ ಹೇಳುತ್ತಿದ್ದ.

"ತಗ್ಡಿಗೆ ಕಿವಿ ಇಲ್ಲೆ. ನಂಗ್ ಹೇಳಿ," ಎನ್ನುತ್ತಿದ್ದಳು ಬಾಗಿ.

ಒಳಗಿನ ಅಡ್ಡ ಗೋಡೆ ಯಾಕೆ ಎಂದು ಅವಳು ಕೇಳಿದ ದಿನ ಅವನು ಒಂದು ಹರಿವಾಣದಲ್ಲಿ ನೀರು ತುಂಬಿ, ಒಂದು ಬದಿ ಎತ್ತಿ ತೋರಿಸಿದ. ನೀರೆಲ್ಲ ಜಾರಿ ಅವಳ ಮಡಿಲಿಗೆ ಬಿತ್ತು. ವೈಕುಂಠ ಕಲ್ಲಾದ. ಬಾಗಿ ಒದ್ದೆ ಸೆರಗನ್ನು ಹಿಂಡಿಕೊಂಡು, ಸಿಟ್ಟಿಲ್ಲದೆ, ಅವನನ್ನು ಓರೆಗಣ್ಣಿನಿಂದ ನೋಡಿದಳು.

"ಅರ್ಥ ಆಯ್ತ್. ಗದ್ದಿ ಅಂಚಿಗೆ ಕಂಡಿ ಇಟ್ಟ ಹಾಂಗೆ. ನೀರ್ ನಿಲ್ಕ್, ಬೇಕಾದಷ್ಟೇ ಹರೀಕ್. ಅಷ್ಟೇ ಅಲ್ದಾ? ಬಾಯಂಗೆ ಹೇಳಿರೆ ಆತಿತ್, ಮೀಸೂದ್ ಬ್ಯಾಡ ಇದ್ದಿತ್."

ಅವನ ಮನಸ್ಸಿನಲ್ಲಿಯೂ ಅಂಥದೇ ಒಂದು ಗೋಡೆಯಿತ್ತು. ಕಂಡಿ ಇಡುವುದನ್ನು ಯಾರೋ ಮರೆತಿದ್ದರು.

ರಾಜೀವಾಚಾರಿ ಬಡಿದು ರೂಪ ಕೊಟ್ಟ, ಬಾಗಿ ಅಡ್ಡ ಗೋಡೆಗಳನ್ನು ಕೂರಿಸಿ ಬೆಸುಗೆ ಹಾಕಿದಳು. ವೈಕುಂಠ ತೂತುಗಳನ್ನು ಕೊರೆದು, ಹಳೆಯದರ ಮೇಲಿಟ್ಟು ಸರಿ ಹೊಂದಿಸಿದ. ಕೊನೆಗೆ ಆಚಾರಿ ಒಳಗೆಲ್ಲ ಕಲಾಯಿ ಹಾಕಲೇಬೇಕೆಂದು ಹಟ ಹಿಡಿದ. ಕಾರಿಗೆ ಕಲಾಯಿ ಯಾಕೆಂದರೆ, "ಕಲಾಯಿ ಹಾಕದ್ ತಾಮ್ರದಂಗೆ ಎಣ್ಣಿ ಇಟ್ರೆ ಕಿಲುಬಾತ್ತ್. ತಿಂಬುದ್ ಮನ್ಷ ಆರೆಂತ, ಕಾರಾರೆಂತ?" ಎಂದ.

ಮುಗಿದಾಗ ಅದು ಕಾರಿನ ಸಾಮಾನಿನಂತೆ ಕಾಣುತ್ತಿರಲಿಲ್ಲ. ದೇವಸ್ಥಾನಕ್ಕೆ ಒಪ್ಪಿಸಬಹುದಾಗಿತ್ತು.

"ಇನ್ ಹೆಸ್ರ್," ಎಂದಳು ಬಾಗಿ, ಉಳಿ ಕೈಗೆತ್ತಿಕೊಂಡು.

"ಇದ್ಕೂ ಹೆಸ್ರಾ?"

"ಹೆಸ್ರ್ ಇಲ್ದೆ ಈ ಅಂಗ್ಡಿಯಿಂದ ಒಂದ್ ಲೋಟವೂ ಹೊರ್ಗ್ ಹೋಪುಕಿಲ್ಲೆ. ಪಾತ್ರಿ ಹೋಪ ಮನಿ ಹೆಣ್ಣಿನ್ ಹೆಸ್ರ್ ಹಾಕೂದ್. ನಿಮ್ಮ ಮನ್ಯಂಗೆ ಯಾರಿದ್ರ್?"

ಅವನ ಮನೆಯಲ್ಲಿ ಯಾರೂ ಇರಲಿಲ್ಲ. ತಾಯಿ ತೀರಿಕೊಂಡಿದ್ದಳು. ಇಲ್ಲಿ ಹೇಳುವ ಮಾತೊಂದಿತ್ತು. ಅದು ಎರಡೇ ಅಕ್ಷರದ ಹೆಸರು. ನಾಲಗೆಯ ತುದಿಯವರೆಗೆ ಬಂದು ಅಲ್ಲಿಯೇ ಕೂತಿತು. ಬಾಗಿ ಉಳಿ ಹಿಡಿದು ಕಾದಳು. ಹೊರಗೆ ಒಂದು ಎತ್ತಿನ ಗಾಡಿ ಬಂದು, ದಾಟಿ, ಹೋಗಿಯೂ ಹೋಯಿತು.

"ನಿಮ್ಗ್ ಕಂಡದ್ ಹಾಕಿ," ಎಂದ ವೈಕುಂಠ. ತಗಡಿಗೆ.

ಅವಳು ತಲೆಯಾಡಿಸಿದಳು. ನಗಲಿಲ್ಲ. "ಹೊರ್ಗ್ ಕೂಕಣಿ. ಕಾಂತಿದ್ರೆ ನಂಗ್ ಕೈ ತಿರ್ಗತ್ತಿಲ್ಲೆ," ಎಂದಳು.

ಪ್ಯಾನನ್ನು ಗೋಣಿಯಲ್ಲಿ ಸುತ್ತಿಯೇ ಕೊಟ್ಟಳು. ಕುಂದಾಪುರದ ಶೆಡ್ಡಿನಲ್ಲಿ, ಕಾರಿನ ಅಡಿಗೆ ಮಲಗಿ, ಅದನ್ನು ಎದೆಯ ಮೇಲಿಟ್ಟು ಬಿಚ್ಚಿದಾಗಲೇ ವೈಕುಂಠ ನೋಡಿದ್ದು. ತಳದಲ್ಲಿ, ದಾರಿಯ ಕಡೆಗೆ ಮುಖ ಮಾಡಿ, ದುಂಡಗೆ ಕೊರೆದಿತ್ತು: ಬಾಗಿ.

ಬೋಲ್ಟು ಬಿಗಿಯುವುದು ಬೇಗ ಮುಗಿಯಿತು. ಅವನು ಹೊರಗೆ ಬರಲಿಲ್ಲ.

ಆಮೇಲೆ ಕಾರು ಒತ್ತಿನೆಣೆಯನ್ನು ನಿಲ್ಲದೆ ಹತ್ತಿತು. ಶಾಮರಾಯರು ಮೇಲೆ ಮುಟ್ಟಿ, ಕೇಸು ಗೆದ್ದವರಂತೆ ಇಳಿದು ನಿಂತು, ಹಿಂದೆ ಬಿದ್ದ ಕಾರುಗಳನ್ನು ಎಣಿಸಲು ನೋಡಿದರು. ಹಿಂದೆ ಕಾರೇ ಇರಲಿಲ್ಲ. ಆದರೂ ಖುಷಿಪಟ್ಟರು. ಊರಿಗೆಲ್ಲ ಒಂದೇ ಒಂದು ವಿಷಯ ಅರ್ಥವಾಗಲಿಲ್ಲ. ಇಷ್ಟು ಚೆನ್ನಾಗಿ ಓಡುವ ಕಾರಿನ ಅಡಿಗೆ ಡ್ರೈವರು ದಿನಾ ಹೋಗಿ ಮಲಗುವುದು ಯಾಕೆ?

*

ಹೆಸರು ಹಾಕಿ ಬಾಗಿ ಕಾದಳು. ಅವಳ ಪಾಲಿನದು ಮುಗಿದಿತ್ತು. ಇನ್ನು ಮಾತು ಅವನದು. ವೈಕುಂಠ ಎರಡು ಸಲ ಬ್ರಹ್ಮಾವರಕ್ಕೆ ಹೋದ. ಒಮ್ಮೆ ಕಲಾಯಿ ಚೆನ್ನಾಗಿದೆ ಎಂದು ಹೇಳಿ ಬಂದ. ಇನ್ನೊಮ್ಮೆ ಬೆಸುಗೆ ಚೆನ್ನಾಗಿದೆ ಎಂದು ಹೇಳಿ ಬಂದ.

"ಮತ್ತೆಂತ ಕಾಣ್ಲಿಲ್ಯಾ?" ಎಂದು ಎರಡನೆಯ ಸಲ ಬಾಗಿ ಕೇಳಿದ್ದಳು.

"ಕಂಡೆ," ಎಂದಿದ್ದ ಅವನು. ಅಷ್ಟರಲ್ಲಿ ಬಸ್ಸು ಬಂತು. ಬಸ್ಸು ಬಾರದಿದ್ದರೂ ಅಷ್ಟೇ ಆಗುತ್ತಿತ್ತು.

ಅದೇ ಬಸ್ಸಿನಲ್ಲಿ ಕಿಟ್ಟ ಟಿಕೆಟ್ ಹರಿಯುತ್ತ ಸುದ್ದಿ ಹೇಳಿದ. "ಗೊತ್ತಾಯ್ತಾ? ರಾಜೀವಾಚಾರ್ರ್ ಮಗ್ಳಿಗ್ ಶಿರೂರಿನ ಗಂಡ್ ಬಂದಿತ್ತ್. ಚಿನ್ನದ ಕೆಲ್ಸ. ಹೆಸ್ರ್ ದಿನಕರ. ಬಪ್ಪ ಸ್ವಾಮವಾರ ಹೆಣ್ ಕಾಂಬುಕೆ ಬತ್ರಂಬ್ರ್. ಒಪ್ಪಿರೆ ಅವತ್ತೇ ವೀಳ್ಯ."

ಕುಂದಾಪುರದಲ್ಲಿ ಇಳಿದಾಗ ಶಾಮರಾಯರು ಕಾಯುತ್ತಿದ್ದರು. "ವೈಕುಂಠ, ಸೋಮವಾರ ಕಾರು ಶಿರೂರಿಗೆ ಹೋಗಬೇಕು. ಅಲ್ಲಿಯ ಗುಡ್ಡಾಚಾರಿ ನನ್ನ ಕಕ್ಷಿಗಾರ. ಸೋದರಳಿಯನಿಗೆ ಹೆಣ್ಣು ನೋಡಲು ಬ್ರಹ್ಮಾವರಕ್ಕೆ ಹೋಗುತ್ತಾರಂತೆ. ನಮ್ಮ ಕಾರಾದರೆ ನಿಲ್ಲದೆ ಹೋಗುತ್ತದೆ ಅಂತ ನಾನೇ ಹೇಳಿದೆ."

ವೈಕುಂಠ ಏನೂ ಹೇಳಲಿಲ್ಲ. ಅವನು ಸಾಮಾನ್ಯವಾಗಿ ಏನೂ ಹೇಳದವನಾದ್ದರಿಂದ ವಕೀಲರಿಗೆ ವ್ಯತ್ಯಾಸ ತಿಳಿಯಲಿಲ್ಲ.

ಸೋಮವಾರ ಒತ್ತಿನೆಣೆಯ ಬುಡದಲ್ಲಿ ಅವನ ಕಾಲು ಒಂದು ಕ್ಷಣ ತಡೆಯಿತು. ಹಿಂದಿನ ಸೀಟಿನಲ್ಲಿ ನಶ್ಯದ ಡಬ್ಬಿ ಹಿಡಿದ ಗುಡ್ಡಾಚಾರಿ, ಪಕ್ಕದಲ್ಲಿ ಹೊಸ ಶರ್ಟು ಹಾಕಿದ ದಿನಕರ. ಇಲ್ಲಿ ಕಾರು ಕೆಟ್ಟರೆ ಕೇಳುವವರಿಲ್ಲ. ಪ್ಯಾನಿನ ಬಿರಡೆಯನ್ನು ಸ್ವಲ್ಪ ಸಡಿಲಿಸಿದರೂ ಸಾಕು. ಆದರೆ ಕೆಟ್ಟದ್ದು ಯಾವುದೆಂದು ಜನ ಕೇಳುತ್ತಾರೆ. ಬ್ರಹ್ಮಾವರದಲ್ಲಿ ಮಾಡಿಸಿದ ಬಾಣಲೆಯಂತೆ, ಹೆಣ್ಣೊಂದು ಬೆಸುಗೆ ಹಾಕಿದ್ದಂತೆ, ಮತ್ತೆ ಹೇಗಿರುತ್ತದೆ, ಎನ್ನುತ್ತಾರೆ.

ಅವನು ಕಾರನ್ನು ಏರಿಸಿದ. ಅದು ಒಂದು ಸಲವೂ ಕೆಮ್ಮಲಿಲ್ಲ. ಅದರ ಮೇಲೆ ಅವನಿಗೆ ಅಷ್ಟು ಸಿಟ್ಟು ಎಂದೂ ಬಂದಿರಲಿಲ್ಲ.

"ಭಾರೀ ಕಾರ್ ಮಾರಾಯಾ!" ಎಂದ ಗುಡ್ಡಾಚಾರಿ ನೆತ್ತಿಯಲ್ಲಿ. "ಸ್ವಲ್ಪ ನಿಲ್ಸ್. ಸಮುದ್ರ ಕಾಂಬ." ಇಳಿಯುವಾಗ ನಶ್ಯದ ಡಬ್ಬಿ ಕೈಜಾರಿತು. ಉರುಳಿ ಉರುಳಿ ಕಾರಿನ ಅಡಿಗೆ ಹೋಯಿತು. ಗುಡ್ಡಾಚಾರಿ ಮಂಡಿಯೂರಿ ಕೈ ಚಾಚಿದ. ಕೈ ಚಾಚಿದವನು ಹಾಗೆಯೇ ಉಳಿದ.

"ಹ್ವಾಯ್ ಡ್ರೈವರ್ರೇ, ಇದೆಂತ ಇಲ್ಲಿ ಬರ್ದದ್?"

ವೈಕುಂಠ ಕಾರಿನ ಗಾಜು ಒರೆಸತೊಡಗಿದ. ಆದರೆ ಕೇಳಿದ್ದಕ್ಕೆ ಉತ್ತರ ಕೊಡಬೇಕು. "ಬಾಗಿ."

"ಬಾಗಿದ್ದೆ ಮಾರಾಯಾ! ಬರ್ದದ್ ಎಂತ ಅಂದ್ ಕೇಂಡದ್."

"ಬಾಗಿ."

"ಇನ್ನೆಷ್ಟ್ ಬಾಗೂದ್! ಮೊಣ್ಗಂಟೇ ನೆಲಕ್ಕೆ ತಾಗಿತ್ತಲ್ದಾ! ತಲಿ ಹುಗಿಸ್ಕಾ?"

ದಿನಕರ ಇಳಿದು ಬಂದು, ಮಾವನ ಪಕ್ಕದಲ್ಲಿ ಕೂತು, ಕತ್ತು ಓರೆ ಮಾಡಿ ಓದಿದ. "ಮಾವ, ಇವತ್ ನಾವ್ ಕಾಂಬುಕೆ ಹೋಪ ಹೆಣ್ಣಿನ್ ಹೆಸ್ರ್ ಎಂತ ಅಂದ್ರಿ?"

ಗುಡ್ಡಾಚಾರಿ ಡಬ್ಬಿಯನ್ನು ಮರೆತು ಎದ್ದು ಕೂತ. ಅವನೂ ಆಚಾರಿ. ಪಾತ್ರೆಯ ಮೇಲಿನ ಹೆಸರು ಏನು ಹೇಳುತ್ತದೆಂದು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

"ಇದನ್ನ್ ಮಾಡ್ದದ್ ಯಾರ್?"

"ಅದೇ," ಎಂದ ವೈಕುಂಠ.

"ಹೆಸ್ರ್ ಕೊರ್ದದ್?"

"ಅದೇ."

"ಅದ್ ಅದ್ ಅಂದ್ರೆ ಯಾವ್ದ್ ಮಾರಾಯಾ? ನಿಂಗೆ ಹೆಣ್ ಬೇಕಾದದ್ದಾ, ಕಾರ್ ಬೇಕಾದದ್ದಾ?"

ವೈಕುಂಠ ಸಮುದ್ರದ ಕಡೆ ನೋಡಿದ. ದಿನಕರ ಅವನ ಮುಖವನ್ನು ನೋಡಿದ. ಚಿನ್ನ ಒರೆಗೆ ಹಚ್ಚುವವನ ಕಣ್ಣು ಅದು, ಬಹಳ ಹೊತ್ತು ಬೇಕಾಗಲಿಲ್ಲ.

"ವಾಪಾಸ್ ಹೋಪನಾ ಮಾವ?"

"ಎಂತಕ್ಕೆ? ಅಲ್ಲಿ ಕಡ್ಬ್ ಮಾಡಿ ಇಟ್ಟಿರ್ತ್ರ್," ಎಂದ ಗುಡ್ಡಾಚಾರಿ, ಡಬ್ಬಿಯನ್ನು ಎಳೆದುಕೊಂಡು ನಶ್ಯ ಏರಿಸುತ್ತ. "ಹೆಣ್ ತಪ್ಪಿರೂ ಊಟ ತಪ್ಪುಕಾಗ. ಹತ್ತಿ."

*

ಕಡವುಗಳನ್ನು ದಾಟಿ ಬ್ರಹ್ಮಾವರಕ್ಕೆ ಮುಟ್ಟಿದಾಗ ರಾಜೀವಾಚಾರಿಯ ಅಂಗಳ ಸೆಗಣಿ ಸಾರಿಸಿ ಹಸಿರಾಗಿತ್ತು. ನೆಂಟರು ಒಗೆದ ಪಂಚೆ ಉಟ್ಟು ನಿಂತಿದ್ದರು. ಗುಡ್ಡಾಚಾರಿ ಕಾಲು ತೊಳೆಯುವ ಮೊದಲೇ ಹೇಳಿದ:

"ರಾಜೀವಾ, ನಿನ್ನ್ ಮಗ್ಳ್ ಹೆಸ್ರ್ ಆಗ್ಳೇ ಒಂದ್ ಮನಿ ಪಾತ್ರಿ ಮೇಲೆ ಇತ್ತಲ್ಲ. ನಂಬ್ದಿರೆ ಈ ಕಾರಿನ್ ಅಡಿಗ್ ಬಾಗಿ ಕಾಣ್."

ರಾಜೀವಾಚಾರಿ ಕಾರಿನ ಪಕ್ಕ ಮಂಡಿಯೂರಿದ. ಅವನ ಹಿಂದೆ ನೆಂಟರು ಊರಿದರು. ಆಚೆ ಬದಿಯಿಂದ ದಿನಕರ ಇನ್ನೊಮ್ಮೆ ನೋಡಿದ, ಕೆಲಸ ಚೆನ್ನಾಗಿದೆಯೆಂದು. ಹಸಿ ಸೆಗಣಿಯ ಮೇಲೆ ಅಷ್ಟೂ ಬಿಳಿ ಪಂಚೆಗಳು ಸಾಲಾಗಿ ಬಾಗಿದವು.

ನಿಂತಿದ್ದವರು ಇಬ್ಬರೇ. ಸ್ಟಿಯರಿಂಗಿನ ಹತ್ತಿರ ವೈಕುಂಠ. ಜಗಲಿಯ ಮೇಲೆ, ಅಬ್ಬಲಿಗೆ ಮುಡಿದು ಪಾನಕದ ಹರಿವಾಣ ಹಿಡಿದ ಬಾಗಿ. ಬಾಗಿದ ಬೆನ್ನುಗಳ ಮೇಲಿನಿಂದ ಅವಳು ಅವನನ್ನು ನೋಡಿದಳು. ಅತ್ತಿದ್ದ ಅವಳ ಕಣ್ಣು ಇನ್ನೂ ಒದ್ದೆಯಾಗಿತ್ತು. ಅದರ ತುದಿಯಲ್ಲಿ ನಗು ಆಗಲೇ ಬಂದು ಕೂತಿತ್ತು. ಇವತ್ತು ಅವಳ ಹುಬ್ಬಿನ ಮೇಲೆ ತಾಮ್ರದ ಪುಡಿ ಇರಲಿಲ್ಲ. ವೈಕುಂಠನಿಗೆ ಅದು ಬೇಕಾಗಿತ್ತು ಅನಿಸಿತು.

ರಾಜೀವಾಚಾರಿ ಹೊರಗೆ ಬಂದು ಮೊಣಕಾಲು ಕೊಡವಿದ. "ಬೆಸ್ಗಿ ಸಮಾ ಕೂತಿತ್ತ್. ಒಂದ್ ಹನಿ ಸೋರ್ಲಿಲ್ಲೆ," ಎಂದ ಮೊದಲು. ಆಮೇಲೆ ತಂದೆಯಾದ. "ವೈಕುಂಠಾ, ಅದ್ ಬೇಕಾ ನಿಂಗೆ?"

"ಬೇಕ್."

"ಯಾವ್ದ್?"

ಅಂಗಳವೆಲ್ಲ ಕಾಯಿತು. ವೈಕುಂಠ ಬಾಯಿ ತೆರೆದ. ಆ ಎರಡು ಅಕ್ಷರ ಇವತ್ತಾದರೂ ಬರುತ್ತದೆಂದು ಅವನೂ ನಂಬಿದ್ದ. "ಅದ್," ಎಂದ. ಆದರೆ ಈ ಸಲ ಕೈಯೆತ್ತಿ ಜಗಲಿಯ ಕಡೆಗೆ ತೋರಿಸಿದ.

"ಹರಿವಾಣವಾ?" ಎಂದು ಕೇಳಿದ ಗುಡ್ಡಾಚಾರಿ. ದಿನಕರ ಅವನ ಬಾಯಿ ಮುಚ್ಚಿದ.

ಬಾಗಿ ಹರಿವಾಣವನ್ನು ಕೆಳಗಿಟ್ಟು ಸೀದಾ ಒಳಗೆ ಹೋದಳು. ಎಲ್ಲರೂ ನಾಚಿಕೆಯೆಂದುಕೊಂಡರು. ಒಳಗಿನಿಂದ ಉಳಿಯ ಟಕ್ ಟಕ್ ಕೇಳಿಸಿತು. ಅವಳು ಗೂಟದಿಂದ ಆ ದೊಡ್ಡ ಬಾಣಲೆಯನ್ನು ಇಳಿಸಿ, ಖಾಲಿ ಬಿಟ್ಟ ಜಾಗದಲ್ಲಿ ತನ್ನ ಹೆಸರು ಕೊರೆಯುತ್ತಿದ್ದಳು.

ಮದುವೆಗೆ ಹಪ್ಪಳ ಕರಿದದ್ದು ಅದರಲ್ಲಿಯೇ. ದಿನಕರನೂ ಬಂದು ಉಂಡ. ಗುಡ್ಡಾಚಾರಿ ಎರಡು ಪಂಕ್ತಿಯಲ್ಲಿ ಉಂಡ.

"ಹ್ವಾಯ್, ಅವತ್ ಅಪ್ಪಯ್ಯ ಕೇಂಡತಿಗೆ ಬೇಕ್ ಅಂದದ್ ಯಾವ್ದನ್ನ? ಬಾಯ್ಬಿಟ್ ಹೇಳಿ ಕಾಂಬ," ಎಂದು ಬಾಗಿ ಆಮೇಲೆಯೂ ಆಗಾಗ ಕೆಣಕುತ್ತಿದ್ದಳು, ಕಾರಿನ ಅಡಿಯಿಂದ ಹೊರಗೆ ಚಾಚಿದ ಅವನ ಕಾಲಿಗೆ ಮೆಲ್ಲಗೆ ತಟ್ಟಿ.

"ಅದೇ," ಎನ್ನುತ್ತಿತ್ತು ಕಾರಿನ ಅಡಿಯ ದನಿ.

ಬಾಗಿ, ನೀನು ಅಂದರೆ ನನಗೆ ಇಷ್ಟ ಎಂದು ವೈಕುಂಠ ಯಾವತ್ತೂ ಹೇಳಲಿಲ್ಲ.